ಇಲಿಗೆ ಸರಿಹೋದರೆ ಅಜ್ಜನಿಗೂ ಸರಿಹೋಗುತ್ತದಾ?

ಮೂರು ವಾರಕ್ಕೊಮ್ಮೆ ನಾನು ಬೆಳಗಿನ ಆರೂವರೆ ಬಸ್ಸಿಗೆ ಆಸ್ಪತ್ರೆಗೆ ಹೋಗುತ್ತೇನೆ. ಅಲ್ಲಿ ಒಂದು ಕುರ್ಚಿಯಲ್ಲಿ ಕೂರಿಸಿ, ಕೈಯ ನರಕ್ಕೆ ಸೂಜಿ ಹಾಕಿ, ನೀರಿನಂತೆ ಕಾಣುವ ಔಷಧಿಯನ್ನು ಹನಿಹನಿಯಾಗಿ ಒಳಗೆ ಬಿಡುತ್ತಾರೆ. ಮುಗಿದ ಮೇಲೆ ಒಂದು ಲೋಟ ಕಾಫಿ ಕುಡಿದು ವಾಪಸು ಬಸ್ಸು.

ಕಳೆದ ಬೇಸಿಗೆ ರಜೆಯಲ್ಲಿ ಏಳನೇ ಕ್ಲಾಸಿನ ಮೊಮ್ಮಗಳು ಪುಟ್ಟಿ "ನಾನೂ ಬರ್ತೀನಿ" ಎಂದು ಹಟ ಹಿಡಿದು ಜೊತೆಗೆ ಬಂದಳು. ಬಾಟಲಿಯ ಮೇಲಿನ ಹೆಸರನ್ನು ಅಕ್ಷರ ಅಕ್ಷರ ಕೂಡಿಸಿ ಓದಿದಳು: ನಿವೊಲುಮ್ಯಾಬ್. "ಇದನ್ನ ಯಾರು ಕಂಡುಹಿಡಿದಿದ್ದು ಡಾಕ್ಟ್ರೇ?" ಎಂದು ಕೇಳಿದಳು. ಡಾಕ್ಟರಮ್ಮ ನಕ್ಕು, "ವಿಜ್ಞಾನಿಗಳು ಕಣಮ್ಮ. ಆದ್ರೆ ಇಲಿ ಇಲ್ಲದಿದ್ರೆ ಅವರ ಕೈಲೂ ಆಗ್ತಿರಲಿಲ್ಲ" ಎಂದರು.

ವಾಪಸು ಬರುವಾಗ ಬಸ್ಸಿನಲ್ಲಿ ಪುಟ್ಟಿ ಸುಮ್ಮನೆ ಕೂತಿದ್ದಳು. ಅರ್ಧ ದಾರಿ ಕಳೆದ ಮೇಲೆ ಕೇಳಿದಳು: "ಅಜ್ಜ, ಇಲಿಗೆ ಸರಿಹೋಗಿದ್ದು ನಿಂಗೂ ಸರಿಹೋಗತ್ತಾ? ನೀನೇನು ಇಲಿಯಾ?"

ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದವನು ನಾನು. ಆದರೂ ಈ ಪ್ರಶ್ನೆಗೆ ಸರಿಯಾದ ಉತ್ತರ ಬಾಯಿಗೆ ಬರಲಿಲ್ಲ. "ತಿಳ್ಕೊಂಡು ಹೇಳ್ತೀನಿ" ಎಂದೆ. ಈ ಮಳೆಗಾಲವಿಡೀ ಓದಿ ತಿಳಿದುಕೊಂಡದ್ದನ್ನು ಅವಳಿಗೆ ಹೇಳಿದ ಹಾಗೆಯೇ ನಿಮಗೂ ಹೇಳುತ್ತೇನೆ.

ಅದಕ್ಕೂ ಮೊದಲು ಒಂದು ತಪ್ಪೊಪ್ಪಿಗೆ. ಊಟವಾದ ಮೇಲೆ ಕವಳ ಹಾಕುವುದು ನನ್ನ ಚಟ. ಎಲೆ, ಅಡಿಕೆ, ಸುಣ್ಣ, ಜೊತೆಗೆ ಹೊಗೆಸೊಪ್ಪು. ತರಗತಿಯಲ್ಲಿ ಹೊಗೆಸೊಪ್ಪು ಕೆಟ್ಟದ್ದು ಎಂದು ಪಾಠ ಮಾಡಿ, ಮನೆಗೆ ಬಂದು ಅದನ್ನೇ ಬಾಯಿಗೆ ಹಾಕಿಕೊಂಡೆ. ಎರಡು ವರ್ಷದ ಹಿಂದೆ ಎಡಗೆನ್ನೆಯ ಒಳಗೆ ಆದ ಹುಣ್ಣು ಮಾಯಲೇ ಇಲ್ಲ. ಕ್ಯಾನ್ಸರ್ ಎಂದರು. ಆಪರೇಷನ್ ಆಯಿತು, ರೇಡಿಯೇಷನ್ ಆಯಿತು. ಹೋದ ವರ್ಷ ಕುತ್ತಿಗೆಯಲ್ಲಿ ಮತ್ತೆ ಗಂಟು ಕಾಣಿಸಿತು. ಈ ಸಲ ಕತ್ತರಿಸಿ ತೆಗೆಯುವಂತಿಲ್ಲ ಎಂದು ಮಾತ್ರೆಗಳ ಜೊತೆಗೆ ಈ ಔಷಧಿಯನ್ನು ಶುರು ಮಾಡಿದರು.

ಕರಿಯ ಮತ್ತು "ಸುಮ್ನಿರು"

ನಮ್ಮ ಮನೆಯ ನಾಯಿ ಕರಿಯ. ಹೊಸಬರು ಗೇಟಿನ ಹತ್ತಿರ ಬಂದರೆ ಊರು ಕೇಳುವಂತೆ ಬೊಗಳುತ್ತದೆ. ಮನೆಯವರಲ್ಲಿ ಯಾರಾದರೂ "ಸುಮ್ನಿರು" ಎಂದರೆ ಬಾಲ ಮುದುರಿಕೊಂಡು ಮಲಗುತ್ತದೆ.

ನಮ್ಮ ರಕ್ತದಲ್ಲೂ ಇಂಥ ಕಾವಲುನಾಯಿಗಳಿವೆ. ಅವುಗಳ ಹೆಸರು ಟಿ ಕೋಶ. ರೋಗಾಣು ಹೊಕ್ಕ ಕೋಶಗಳನ್ನು ಹುಡುಕಿ ಕೊಲ್ಲುವುದು ಅವುಗಳ ಕೆಲಸ. ಆದರೆ ಮಿತಿಮೀರಿ ಕಚ್ಚಿದರೆ ನಮ್ಮ ಮೈಗೇ ಅಪಾಯ. ಹಾಗಾಗಿ ಪ್ರತಿ ಟಿ ಕೋಶದ ಮೇಲೂ "ಸುಮ್ನಿರು" ಎಂಬ ಮಾತನ್ನು ಕೇಳಿಸಿಕೊಳ್ಳುವ ಕಿವಿಗಳಿವೆ. ಒಂದು ಕಿವಿಯ ಹೆಸರು ಪಿಡಿ-1. ಅದನ್ನು ಜಪಾನಿನ ಕ್ಯೋಟೊ ವಿಶ್ವವಿದ್ಯಾಲಯದ ತಾಸುಕು ಹೊಂಜೊ ಅವರ ತಂಡ 1992ರಲ್ಲಿ ಗುರುತಿಸಿತು. ಇನ್ನೊಂದು ಸಿಟಿಎಲ್‌ಎ-4.

ಕ್ಯಾನ್ಸರ್ ಹೊರಗಿನಿಂದ ಬಂದ ಕಳ್ಳನಲ್ಲ, ಮನೆಯೊಳಗೇ ಹುಟ್ಟಿದವನು. ನಾಯಿಯನ್ನು ಸುಮ್ಮನಿರಿಸುವ ಮಾತು ಅವನಿಗೂ ಗೊತ್ತು. ಟಿ ಕೋಶ ಹತ್ತಿರ ಬಂದರೆ "ಸುಮ್ನಿರು" ಎನ್ನುತ್ತಾನೆ, ಅದು ಮಲಗಿಬಿಡುತ್ತದೆ.

ನನ್ನ ಔಷಧಿ ಮಾಡುವುದು ಇಷ್ಟೇ. ಅದು ಕ್ಯಾನ್ಸರನ್ನು ತಾನಾಗಿ ಮುಟ್ಟುವುದಿಲ್ಲ. ಪಿಡಿ-1 ಎಂಬ ಕಿವಿಗೆ ಹತ್ತಿ ತುರುಕುತ್ತದೆ. ಕಳ್ಳ ಎಷ್ಟು ಕೂಗಿದರೂ ನಾಯಿಗೆ ಕೇಳಿಸುವುದಿಲ್ಲ. ಇಂಥ ಚಿಕಿತ್ಸೆಗೆ ಇಮ್ಯುನೊಥೆರಪಿ ಎನ್ನುತ್ತಾರೆ.

1994ರ ಕ್ರಿಸ್ಮಸ್ ರಜೆ

ಕಿವಿಗೆ ಹತ್ತಿ ಇಟ್ಟರೆ ಕ್ಯಾನ್ಸರ್ ಕರಗೀತು ಎಂದು ಮೊದಲು ತೋರಿಸಿಕೊಟ್ಟದ್ದು ಇಲಿಗಳೇ. ಅಮೆರಿಕದ ಟೆಕ್ಸಸ್‌ನ ಆಲಿಸ್ ಎಂಬ ಸಣ್ಣ ಊರಿನ ಹುಡುಗ ಜೇಮ್ಸ್ ಆಲಿಸನ್ ಬಾಲ್ಯದಲ್ಲೇ ತಾಯಿಯನ್ನು ಕ್ಯಾನ್ಸರಿನಿಂದ ಕಳೆದುಕೊಂಡರು. ದೊಡ್ಡವರಾಗಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಟಿ ಕೋಶಗಳ ಬಗ್ಗೆ ಸಂಶೋಧನೆ ಮಾಡುತ್ತಿದ್ದರು. 1994ರ ಕೊನೆಯಲ್ಲಿ ಅವರ ತಂಡದ ಡೇನಾ ಲೀಚ್ ಗೆಡ್ಡೆ ಬೆಳೆದ ಇಲಿಗಳಿಗೆ ಸಿಟಿಎಲ್‌ಎ-4 ಮುಚ್ಚುವ ಪ್ರತಿಕಾಯವನ್ನು ಚುಚ್ಚಿದರು. ಗೆಡ್ಡೆಗಳು ಮಾಯವಾದವು!

ಆಲಿಸನ್ ನಂಬಲಿಲ್ಲ. ಕ್ರಿಸ್ಮಸ್ ರಜೆಯಲ್ಲೇ ಪ್ರಯೋಗವನ್ನು ಮತ್ತೆ ಮಾಡಿದರು. ಯಾವ ಗೂಡಿನ ಇಲಿಗೆ ಯಾವ ಚುಚ್ಚುಮದ್ದು ಎಂದು ಅವರಿಗೂ ತಿಳಿಯದ ಹಾಗೆ ಗುರುತು ಮುಚ್ಚಿಟ್ಟು, ಗೆಡ್ಡೆಗಳನ್ನು ತಾವೇ ಅಳೆದರು. ಮೊದಮೊದಲು ಎಲ್ಲ ಗೂಡುಗಳಲ್ಲೂ ಗೆಡ್ಡೆ ಬೆಳೆಯುತ್ತಲೇ ಇತ್ತು. ಆಮೇಲೆ ಕೆಲವು ಗೂಡುಗಳಲ್ಲಿ ಬೆಳವಣಿಗೆ ನಿಂತಿತು, ಕುಗ್ಗಿತು, ಇಲ್ಲವಾಯಿತು. ಮಕ್ಕಳೇ, ತನಗೆ ಬೇಕಾದ ಉತ್ತರ ಬಂದಾಗ ಇನ್ನೂ ಹೆಚ್ಚು ಅನುಮಾನ ಪಡುವುದೇ ವಿಜ್ಞಾನದ ರೀತಿ. 2018ರಲ್ಲಿ ಆಲಿಸನ್ ಮತ್ತು ಹೊಂಜೊ ಇಬ್ಬರಿಗೂ ನೊಬೆಲ್ ಪ್ರಶಸ್ತಿ ಬಂತು.

ಇಲಿಯ ಕಿವಿಯೇ ಬೇರೆ

ಇಲ್ಲಿಗೆ ಕಥೆ ಮುಗಿಯಬೇಕಿತ್ತು. ಆದರೆ ಪುಟ್ಟಿಯ ಪ್ರಶ್ನೆ ಏಳುವುದೇ ಇಲ್ಲಿ.

ಇಲಿ ಮತ್ತು ಮನುಷ್ಯ ಒಂದೇ ಮೂಲದಿಂದ ಕವಲೊಡೆದು ಸುಮಾರು 8 ಕೋಟಿ ವರ್ಷವಾಗಿದೆ. ನಮ್ಮಲ್ಲಿರುವ ಹೆಚ್ಚಿನ ಜೀನುಗಳಿಗೆ ಇಲಿಯಲ್ಲೂ ಜೋಡಿ ಜೀನು ಇದೆ. ಆದರೆ ಆ ಜೋಡಿಗಳು ತದ್ರೂಪಿಗಳಲ್ಲ. ಪಿಡಿ-1 ಎಂಬ ಕಿವಿಯನ್ನೇ ನೋಡಿ. ಅದನ್ನು ಕಟ್ಟಿರುವ ಇಟ್ಟಿಗೆಗಳಲ್ಲಿ ನೂರಕ್ಕೆ ಸುಮಾರು 60 ಮಾತ್ರ ಮನುಷ್ಯನಲ್ಲೂ ಇಲಿಯಲ್ಲೂ ಒಂದೇ. ಹಾಗಾಗಿ ಮನುಷ್ಯನ ಕಿವಿಯ ಅಳತೆಗೆ ಮಾಡಿದ ಹತ್ತಿ ಇಲಿಯ ಕಿವಿಯಲ್ಲಿ ನಿಲ್ಲುವುದಿಲ್ಲ. ನನ್ನ ಬಾಟಲಿಯ ಔಷಧಿಯನ್ನು ನಮ್ಮ ಉಗ್ರಾಣದ ಇಲಿಗೆ ಕೊಟ್ಟರೆ ಅದರ ಪಿಡಿ-1ಕ್ಕೆ ಅದು ಅಂಟುವುದೇ ಇಲ್ಲ. ಆಲಿಸನ್ ಪ್ರಯೋಗದಲ್ಲಿ ಕೊಟ್ಟದ್ದೂ ಇಲಿಯ ಅಳತೆಯ ಹತ್ತಿಯನ್ನೇ.

ಅಂದ ಮೇಲೆ ಮನುಷ್ಯನ ಔಷಧಿಯನ್ನು ಪರೀಕ್ಷಿಸುವುದು ಎಲ್ಲಿ? ಇಲಿಯೊಳಗೆ ಮನುಷ್ಯನ ತುಣುಕೊಂದನ್ನು ಇಡಬೇಕು. ಅಂಥ ಇಲಿಗೆ ಮಾನವೀಕೃತ ಇಲಿ ಎಂದು ಹೆಸರು. ನೋಡಲು ಮನುಷ್ಯನ ಹಾಗಿರುತ್ತದೆ ಎಂದುಕೊಳ್ಳಬೇಡಿ. ಅದೇ ಮೀಸೆ, ಅದೇ ಬಾಲ, 20-25 ಗ್ರಾಂ ತೂಕ. ವ್ಯತ್ಯಾಸವೆಲ್ಲ ಒಳಗೆ.

ಮೊದಲನೆಯ ಬಗೆ, ಔಷಧಿ ತಯಾರಿಸಿಕೊಡುವ ಇಲಿ. ಇದರಲ್ಲಿ ಪ್ರತಿಕಾಯ ಮಾಡುವ ಇಲಿಯ ಜೀನುಗಳನ್ನು ಸುಮ್ಮನಿರಿಸಿ, ಮನುಷ್ಯನ ಜೀನುಗಳನ್ನು ಸೇರಿಸಿರುತ್ತಾರೆ. 1994ರಲ್ಲಿ ಅಮೆರಿಕದ ಎರಡು ತಂಡಗಳು ಇಂಥ ಇಲಿಗಳನ್ನು ವರದಿ ಮಾಡಿದವು. ಈ ಇಲಿಗೆ ಮನುಷ್ಯನ ಪಿಡಿ-1 ಚುಚ್ಚಿದರೆ, "ಇದು ನಂದಲ್ಲ" ಎಂದು ಅದು ಪ್ರತಿಕಾಯ ತಯಾರಿಸುತ್ತದೆ. ಆ ಪ್ರತಿಕಾಯ ಮನುಷ್ಯರ ಪ್ರತಿಕಾಯದಂತೆಯೇ ಇರುವುದರಿಂದ ನಮ್ಮ ದೇಹ ಅದನ್ನು ಪರಕೀಯ ಎಂದು ಹೊರದೂಡುವ ಸಂಭವ ಕಡಿಮೆ. ನನಗೆ ಕೊಡುವ ನಿವೊಲುಮ್ಯಾಬ್ ಹುಟ್ಟಿದ್ದು ಇಂಥ ಇಲಿಗಳಿಂದಲೇ. ಡಾಕ್ಟರಮ್ಮ ಹೇಳಿದ ಮಾತಿನ ಅರ್ಥ ಇದು.

ಹೆಸರಿನಲ್ಲೂ ಒಂದು ಗುಟ್ಟಿದೆ. 2017ರವರೆಗೆ ಹೆಸರಿಟ್ಟ ಔಷಧಿಗಳಲ್ಲಿ 'ಉಮ್ಯಾಬ್' ಎಂದು ಮುಗಿದರೆ ಪೂರ್ತಿ ಮನುಷ್ಯರ ಮಾದರಿಯ ಪ್ರತಿಕಾಯ. 'ಜುಮ್ಯಾಬ್' ಎಂದರೆ ಇಲಿಯಂಥ ಪ್ರಾಣಿಯ ಪ್ರತಿಕಾಯವನ್ನು ಮನುಷ್ಯನಿಗೆ ಹೊಂದುವಂತೆ ತಿದ್ದಿದ್ದು. 'ಓಮ್ಯಾಬ್' ಎಂದರೆ ಪೂರ್ತಿ ಇಲಿಯದ್ದೇ. ಅಮೆರಿಕದ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಅವರಿಗೆ 2015ರಲ್ಲಿ, 90ನೇ ವಯಸ್ಸಿನಲ್ಲಿ, ಮೆದುಳಿಗೂ ಹಬ್ಬಿದ್ದ ಕ್ಯಾನ್ಸರಿಗೆ ರೇಡಿಯೇಷನ್ ಜೊತೆ ಕೊಟ್ಟದ್ದು ಪೆಂಬ್ರೊಲಿಜುಮ್ಯಾಬ್. ಅವರು 100 ವರ್ಷ ತುಂಬಿದ ಮೇಲೆ, 2024ರ ಡಿಸೆಂಬರಿನಲ್ಲಿ ತೀರಿಕೊಂಡರು.

ಎರಡನೆಯ ಬಗೆ, ಕಿವಿ ಬದಲಿಸಿದ ಇಲಿ. ಇಲಿಯ ಪಿಡಿ-1 ಜೀನಿನ ಜಾಗದಲ್ಲಿ ಮನುಷ್ಯನ ಪಿಡಿ-1 ಜೀನನ್ನು ಕೂರಿಸಿರುತ್ತಾರೆ. ನಾಯಿ ಇಲಿಯದು, ಕಿವಿ ಮನುಷ್ಯನದು. ಮನುಷ್ಯರಿಗೆಂದು ಮಾಡಿದ ಔಷಧಿಯನ್ನೇ ಇದಕ್ಕೆ ಕೊಟ್ಟು ನೋಡಬಹುದು. ಎರಡು ಔಷಧಿ ಸೇರಿಸಿ ಕೊಟ್ಟರೆ ಏನಾಗುತ್ತದೆ, ಎಷ್ಟು ಕೊಟ್ಟರೆ ಸಾಕು ಎಂದು ಮೊದಲು ಇಲ್ಲಿ ತಿಳಿಯಬಹುದು. ಬೇಕಾದ ಜೀನನ್ನು ಬೇಕಾದ ಜಾಗದಲ್ಲಿ ಬದಲಿಸುವ ಈ ವಿದ್ಯೆಗೆ ದಾರಿ ಮಾಡಿದ ಮಾರಿಯೊ ಕಪೆಕಿ, ಮಾರ್ಟಿನ್ ಇವಾನ್ಸ್, ಆಲಿವರ್ ಸ್ಮಿತೀಸ್ ಅವರಿಗೆ 2007ರ ನೊಬೆಲ್ ಸಿಕ್ಕಿತು.

ಮೂರನೆಯ ಬಗೆ, ನಾಯಿಯನ್ನೇ ಬದಲಿಸಿದ ಇಲಿ. ಹುಟ್ಟಿನಿಂದಲೇ ರೋಗನಿರೋಧಕ ಶಕ್ತಿ ಇಲ್ಲದ ಇಲಿಗಳಿವೆ. 1983ರಲ್ಲಿ ಫಿಲಡೆಲ್ಫಿಯಾದಲ್ಲಿ ಮೆಲ್ವಿನ್ ಬೋಸ್ಮಾ ಅವರ ತಂಡ ಇಂಥದೊಂದು ತಳಿಯನ್ನು ವರದಿ ಮಾಡಿತು. ಆಮೇಲೆ ಜಪಾನಿನಲ್ಲೂ ಅಮೆರಿಕದ ಜಾಕ್ಸನ್ ಪ್ರಯೋಗಾಲಯದಲ್ಲೂ ಇನ್ನೂ ಬಡಪಾಯಿ ತಳಿಗಳು ಬಂದವು. ಯಾರನ್ನು ಒಳಗೆ ಬಿಟ್ಟರೂ ಬೊಗಳಲು ಅವುಗಳಲ್ಲಿ ನಾಯಿಯೇ ಇಲ್ಲ. ಹೆರಿಗೆಯಾದ ಮೇಲೆ ಎಸೆದುಬಿಡುವ ಹೊಕ್ಕುಳಬಳ್ಳಿಯ ರಕ್ತದಿಂದ ಆಕರಕೋಶಗಳನ್ನು ತೆಗೆದು ಇವುಗಳಿಗೆ ಕೊಡುತ್ತಾರೆ. ಕೆಲವು ವಾರಗಳಲ್ಲಿ ಇಲಿಯೊಳಗೆ ಮನುಷ್ಯನ ಟಿ ಕೋಶಗಳು ಓಡಾಡತೊಡಗುತ್ತವೆ. ಮನುಷ್ಯನದೇ ಗೆಡ್ಡೆಯ ಚೂರನ್ನೂ ಇಟ್ಟರೆ ಕಳ್ಳನೂ ನಮ್ಮವನು, ನಾಯಿಯೂ ನಮ್ಮದು, ಮನೆ ಮಾತ್ರ ಇಲಿಯದು.

ಲಂಡನ್ನಿನ ಆ ದಿನ

"ಇಷ್ಟೆಲ್ಲ ಕಷ್ಟ ಯಾಕಜ್ಜ? ಮನುಷ್ಯರಿಗೇ ಸ್ವಲ್ಪ ಕೊಟ್ಟು ನೋಡಿದ್ರಾಯ್ತಲ್ಲ" ಎಂದಳು ಪುಟ್ಟಿ. ಆಗ ಅವಳಿಗೆ 2006ರ ಮಾರ್ಚ್ 13ರಂದು ಲಂಡನ್ನಿನಲ್ಲಿ ನಡೆದದ್ದನ್ನು ಹೇಳಿದೆ.

ಟಿಜಿಎನ್ 1412 ಎಂಬ ಪ್ರತಿಕಾಯ ಕಿವಿ ಮುಚ್ಚುವಂಥದ್ದಲ್ಲ, ನಾಯಿಗೆ "ಛೂ" ಬಿಡುವಂಥದ್ದು. ರಕ್ತದ ಕ್ಯಾನ್ಸರಿಗೂ ಕೀಲುವಾತಕ್ಕೂ ಔಷಧಿಯಾದೀತು ಎಂಬ ಆಸೆ ಇತ್ತು. ಕೋತಿಗಳಲ್ಲಿ ಪರೀಕ್ಷೆ ಮಾಡಿದಾಗ ತೊಂದರೆ ಕಾಣಲಿಲ್ಲ. ಆಮೇಲೆ ಆರೋಗ್ಯವಂತ ಸ್ವಯಂಸೇವಕರು ಆರು ಮಂದಿಗೆ, ಪ್ರಾಣಿಗಳಲ್ಲಿ ಸುರಕ್ಷಿತವೆನಿಸಿದ್ದರ 500ರಲ್ಲಿ ಒಂದು ಪಾಲು ಕೊಟ್ಟರು. ಸ್ವಲ್ಪ ಹೊತ್ತಿನಲ್ಲೇ ಆರೂ ಮಂದಿಗೆ ನಡುಕ, ತಲೆನೋವು, ವಾಂತಿ. ಒಂದೊಂದೇ ಅಂಗ ಸೋಲತೊಡಗಿ ಎಲ್ಲರೂ ತೀವ್ರ ನಿಗಾ ಘಟಕ ಸೇರಿದರು. ಪುಣ್ಯಕ್ಕೆ ಆರೂ ಜನ ಬದುಕಿದರು. ಒಬ್ಬರು ಬೆರಳುಗಳನ್ನು ಕಳೆದುಕೊಂಡರು.

ಕೋತಿ ನಮಗೆ ಇಲಿಗಿಂತ ಹತ್ತಿರದ ನೆಂಟ. ಆದರೂ ತಪ್ಪಿದ್ದೆಲ್ಲಿ? ಆ ಔಷಧಿ "ಛೂ" ಎನ್ನುವ ಕಿವಿ ನಮ್ಮ ಒಂದು ಬಗೆಯ ಅನುಭವಿ ಟಿ ಕೋಶಗಳ ಮೇಲಿದೆ, ಆ ಕೋತಿಗಳ ಅಂಥ ಕೋಶಗಳ ಮೇಲಿಲ್ಲ ಎಂದು ಆಮೇಲೆ ತಿಳಿಯಿತು. ಮನುಷ್ಯನ ಕೋಶಗಳಿರುವ ಇಲಿಗಳಿಗೆ ಇಂಥ ಔಷಧಿ ಕೊಟ್ಟಾಗ ಅವು ಕಾಯಿಲೆ ಬಿದ್ದವು. ಅಂದರೆ ಎಚ್ಚರಿಕೆಯ ಗಂಟೆ ಬಾರಿಸಿತು. ನೆಂಟಸ್ತಿಕೆ ಎಷ್ಟು ಹತ್ತಿರ ಎನ್ನುವುದಕ್ಕಿಂತ, ಔಷಧಿ ಹೋಗಿ ಅಂಟುವ ಜಾಗ ನಮ್ಮದೇ ಹೌದೋ ಅಲ್ಲವೋ ಎನ್ನುವುದು ಮುಖ್ಯ.

ಇನ್ನೊಂದು ಕಥೆ ನಿಮ್ಮ ವಯಸ್ಸಿನವಳದು. ರಕ್ತದ ಕ್ಯಾನ್ಸರ್ ಆಗಿದ್ದ ಆರು ವರ್ಷದ ಎಮಿಲಿ ವೈಟ್‌ಹೆಡ್‌ಗೆ 2012ರಲ್ಲಿ ಫಿಲಡೆಲ್ಫಿಯಾದಲ್ಲಿ ಕಾರ್-ಟಿ ಚಿಕಿತ್ಸೆ ಕೊಟ್ಟರು. ಅವಳದೇ ಟಿ ಕೋಶಗಳನ್ನು ತೆಗೆದು, ಕಳ್ಳನ ಗುರುತು ಕಲಿಸಿ, ವಾಪಸು ಬಿಡುವ ವಿಧಾನ ಅದು. ಈ ಚಿಕಿತ್ಸೆ ಪಡೆದ ಮೊದಲ ಮಗು ಅವಳು. ವಿಪರೀತ ಜ್ವರ ಬಂದು ಪ್ರಜ್ಞೆ ತಪ್ಪಿತು. ಕೀಲುವಾತಕ್ಕೆ ಕೊಡುವ ಒಂದು ಔಷಧಿಯನ್ನು ಡಾಕ್ಟರರು ಧೈರ್ಯ ಮಾಡಿ ಕೊಟ್ಟರು. ಅವಳು ಕಣ್ಣು ಬಿಟ್ಟದ್ದು ಏಳನೆಯ ಹುಟ್ಟುಹಬ್ಬದ ದಿನ. ಆ ಜ್ವರದ ಮೂಲ ಎಲ್ಲಿ ಎಂದು ಮೊದಲು ಬಳಸಿದ್ದ ಇಲಿಗಳು ಹೇಳಿರಲಿಲ್ಲ, ಏಕೆಂದರೆ ಅವುಗಳಲ್ಲಿ ಮನುಷ್ಯನ ಬೇರೆ ರಕ್ಷಣಾ ಕೋಶಗಳು ಇರಲಿಲ್ಲ. 2018ರಲ್ಲಿ ಇಟಲಿಯ ಮಿಲಾನಿನ ವಿಜ್ಞಾನಿಗಳು ಆ ಕೋಶಗಳೂ ಇರುವ ಇಲಿಗಳನ್ನು ಬಳಸಿ, ಬೆಂಕಿ ಹಚ್ಚುವುದು ಮಾನೊಸೈಟ್ ಎಂಬ ಬಿಳಿರಕ್ತಕಣ ಎಂದು ಕಂಡುಕೊಂಡರು. ಅದನ್ನು ತಣಿಸುವ ಇನ್ನೊಂದು ದಾರಿಯನ್ನೂ ತೋರಿಸಿದರು. ನಮ್ಮ ದೇಶದಲ್ಲೂ ಐಐಟಿ ಬಾಂಬೆ ಮತ್ತು ಟಾಟಾ ಮೆಮೋರಿಯಲ್ ಆಸ್ಪತ್ರೆಯವರ ಶ್ರಮದಿಂದ ಬಂದ ಕಾರ್-ಟಿ ಚಿಕಿತ್ಸೆಗೆ 2023ರಲ್ಲಿ ಒಪ್ಪಿಗೆ ಸಿಕ್ಕಿದೆ.

ಇಲಿ ಹೇಳಲಾರದ್ದು

ಹಾಗೆಂದು ಮಾನವೀಕೃತ ಇಲಿ ಎಲ್ಲ ಬಲ್ಲ ಜೋಯಿಸನಲ್ಲ. ಮೂರನೆಯ ಬಗೆಯ ಇಲಿಯಲ್ಲಿ ಮನುಷ್ಯನ ಟಿ ಕೋಶಗಳು ದಿನ ಕಳೆದಂತೆ "ಈ ಮನೆಯೇ ನಮ್ಮದಲ್ಲ" ಎಂದು ಇಲಿಯ ಅಂಗಾಂಗಗಳನ್ನೇ ಕಚ್ಚತೊಡಗಬಹುದು. ಪರೀಕ್ಷೆಗೆ ಸಿಗುವ ಸಮಯ ಕಡಿಮೆ. ಇಲಿಯ ಗೆಡ್ಡೆಯನ್ನು ನಾವೇ ಕೆಲವು ವಾರಗಳಲ್ಲಿ ಬೆಳೆಸಿರುತ್ತೇವೆ. ನನ್ನ ಕೆನ್ನೆಯದ್ದು ದಶಕಗಳ ಕವಳದಿಂದ ಬೆಳೆದದ್ದು. ನನ್ನ ವಯಸ್ಸು, ನನ್ನ ಸಕ್ಕರೆ ಕಾಯಿಲೆ, ನನ್ನ ಹಟ ಇವೆಲ್ಲ ಇಲಿಗೆ ಬಾರವು. ಎಲ್ಲ ರೋಗಿಗಳಿಗೂ ಈ ಔಷಧಿ ಫಲಿಸುವುದಿಲ್ಲ. ಫಲಿಸಿದರೂ, ಕಿವಿ ಮುಚ್ಚಿದ ನಾಯಿ ಒಮ್ಮೊಮ್ಮೆ ಮನೆಯವರನ್ನೇ ಕಚ್ಚುತ್ತದೆ. ಥೈರಾಯಿಡ್, ಕರುಳು, ಶ್ವಾಸಕೋಶಗಳಲ್ಲಿ ತೊಂದರೆ ಕಾಣಿಸಬಹುದು. ಅದಕ್ಕೇ ನನ್ನ ರಕ್ತವನ್ನು ಆಗಾಗ ಪರೀಕ್ಷೆ ಮಾಡುತ್ತಾರೆ.

ಕೊನೆಯ ಉತ್ತರ ಬರುವುದು ಮನುಷ್ಯರಿಂದಲೇ. ಈ ಔಷಧಿ ಬಹಳ ದುಬಾರಿ. ಮುಂಬೈಯ ಟಾಟಾ ಮೆಮೋರಿಯಲ್ ಆಸ್ಪತ್ರೆಯ ವೈದ್ಯರು ನಿವೊಲುಮ್ಯಾಬನ್ನು ಸಾಮಾನ್ಯ ಪ್ರಮಾಣದ ಹತ್ತನೇ ಒಂದು ಪಾಲಿಗೂ ಕಡಿಮೆ, ಅಂದರೆ ಮೂರು ವಾರಕ್ಕೆ 20 ಮಿಲಿಗ್ರಾಂ, ಮಾತ್ರೆಗಳ ಜೊತೆಗೆ ಕೊಟ್ಟು ನೋಡಿದರು. ಬಾಯಿ-ಗಂಟಲು ಭಾಗದ ಮುಂದುವರಿದ ಕ್ಯಾನ್ಸರ್ ಇದ್ದ 151 ಜನ ಆ ಅಧ್ಯಯನಕ್ಕೆ ಒಪ್ಪಿ ಬಂದಿದ್ದರು. ಮಾತ್ರೆ ಮಾತ್ರ ತೆಗೆದುಕೊಂಡವರಲ್ಲಿ ಒಂದು ವರ್ಷದ ನಂತರ ಬದುಕಿದ್ದವರು ನೂರಕ್ಕೆ ಸುಮಾರು 16. ಈ ಸಣ್ಣ ಪ್ರಮಾಣವೂ ಸಿಕ್ಕವರಲ್ಲಿ ಸುಮಾರು 43. ನನ್ನಂಥ ಪಿಂಚಣಿದಾರನಿಗೆ ಈ ಔಷಧಿ ಎಟುಕಿದ್ದು ಆ 151 ಜನರಿಂದ. ಇಲಿಯ ಋಣದ ಜೊತೆಗೆ ಅವರ ಋಣವೂ ನನ್ನ ಮೇಲಿದೆ.

ಇಲಿಯ ಋಣ ಎಂದಾಗ ಪುಟ್ಟಿಯ ಮುಖ ಸಣ್ಣದಾಯಿತು. "ಅವುಕ್ಕೆ ನೋವಾಗಲ್ವಾ ಅಜ್ಜ?" ಆಗುತ್ತದೆ. ಸುಳ್ಳು ಹೇಳಬಾರದು. ಅದಕ್ಕೇ ನಿಯಮಗಳಿವೆ. 1959ರಲ್ಲಿ ರಸೆಲ್ ಮತ್ತು ಬರ್ಚ್ ಎಂಬ ಇಬ್ಬರು ಬ್ರಿಟಿಷ್ ವಿಜ್ಞಾನಿಗಳು ಮೂರು ಮಾತು ಹೇಳಿದರು: ಪ್ರಾಣಿಯ ಬದಲು ಬೇರೆ ದಾರಿ ಇದ್ದರೆ ಅದನ್ನೇ ಬಳಸಿ, ಪ್ರಾಣಿಗಳ ಸಂಖ್ಯೆ ತಗ್ಗಿಸಿ, ನೋವು ಕಡಿಮೆ ಮಾಡಿ. ನಮ್ಮ ದೇಶದಲ್ಲೂ ಇಂಥ ಪ್ರಯೋಗಕ್ಕೆ ಮೊದಲು ಸಮಿತಿಯ ಒಪ್ಪಿಗೆ ಬೇಕು. 2023ರಲ್ಲಿ ನಮ್ಮ ಔಷಧ ನಿಯಮಗಳಿಗೆ ತಿದ್ದುಪಡಿ ತಂದು, ಪ್ರಾಣಿಯಿಲ್ಲದೆ ಕೋಶಗಳಲ್ಲೂ ಕಂಪ್ಯೂಟರಿನಲ್ಲೂ ಮಾಡುವ ಪರೀಕ್ಷೆಗಳಿಗೆ ಜಾಗ ಕೊಟ್ಟಿದ್ದಾರೆ. ಮುಂದೊಂದು ದಿನ ಇಲಿ ಬೇಡವಾಗಲೂಬಹುದು. ಆ ಕೆಲಸ ಪುಟ್ಟಿಯ ಓರಗೆಯವರದು.

ರಷ್ಯಾದ ನೊವೊಸಿಬಿರ್ಸ್ಕ್ ನಗರದಲ್ಲಿ 2013ರಲ್ಲಿ ಪ್ರಯೋಗಾಲಯದ ಇಲಿಗೆಂದೇ ಒಂದು ಪ್ರತಿಮೆ ನಿಲ್ಲಿಸಿದ್ದಾರೆ. ಮೂಗಿನ ತುದಿಗೆ ಕನ್ನಡಕ ಹಾಕಿಕೊಂಡ ಇಲಿಯಜ್ಜಿ ಕಡ್ಡಿ ಹಿಡಿದು ಹೆಣೆಯುತ್ತಿದೆ. ಹೆಣೆಯುತ್ತಿರುವುದು ಸ್ವೆಟರ್ ಅಲ್ಲ, ಡಿಎನ್‌ಎ ಎಳೆ. ಅದರ ಚಿತ್ರ ನೋಡಿದ ನನ್ನ ಹೆಂಡತಿ "ನಂಗಿಂತ ಚೆನ್ನಾಗಿ ಕಡ್ಡಿ ಹಿಡಿದಿದೆ" ಎಂದಳು.

ಕಡೆಗೆ ಪುಟ್ಟಿಗೆ ನಾನು ಕೊಟ್ಟ ಉತ್ತರ ಇದು: "ಇಲಿಗೆ ಸರಿಹೋಗಿದ್ದೆಲ್ಲ ನಂಗೆ ಸರಿಹೋಗಲ್ಲ. ಆದ್ರೆ ನಮ್ಮದೊಂದು ತುಣುಕನ್ನ ಹೊತ್ತ ಇಲಿ, ಯಾವ ದಾರೀಲಿ ಹೋಗ್ಬಾರ್ದು ಅಂತ ಮೊದ್ಲೇ ಹೇಳತ್ತೆ. ಮುಂದಿನ ದಾರಿ ನಾವೇ ನಡೀಬೇಕು." ಮೊನ್ನೆಯ ಸ್ಕ್ಯಾನಿನಲ್ಲಿ ನನ್ನ ಗಂಟು ಬೆಳೆದಿಲ್ಲ, ತುಸು ಕುಗ್ಗಿದೆ. ಹೋಗಿಲ್ಲ. ಸದ್ಯಕ್ಕೆ ಇಷ್ಟು ಸಾಕು.

ಹಿರಿಯರೇ, ನಿಮ್ಮ ಕವಳದ ತಟ್ಟೆಯಲ್ಲಿ ಹೊಗೆಸೊಪ್ಪಿದ್ದರೆ ಇವತ್ತೇ ತೆಗೆದುಬಿಡಿ. ಹೊಗೆಸೊಪ್ಪು ಬಿಟ್ಟ ಅಡಿಕೆಯೂ ಬಾಯಿಗೆ ಒಳ್ಳೆಯದಲ್ಲ. ಬಾಯೊಳಗೆ ಬಿಳಿ ಮಚ್ಚೆಯೋ ಮಾಯದ ಹುಣ್ಣೋ ಇದ್ದರೆ ಮುಚ್ಚಿಡಬೇಡಿ, ಡಾಕ್ಟರಿಗೆ ತೋರಿಸಿ. ಮಕ್ಕಳೇ, ಅಜ್ಜ-ಅಜ್ಜಿ ಮಾತು ಕೇಳದಿದ್ದರೆ ಹಟ ಹಿಡಿಯಿರಿ. ನಿಮಗಾದರೆ ಅವರು ಸೋಲುತ್ತಾರೆ.

ಮೊನ್ನೆ ಉಗ್ರಾಣದ ಬೋನಿಗೆ ಒಂದು ಇಲಿ ಬಿತ್ತು. ಪುಟ್ಟಿ ಬೋನನ್ನು ಎತ್ತಿಕೊಂಡು ಮನೆಯ ಹಿಂದಿನ ಬ್ಯಾಣದ ತುದಿಯವರೆಗೂ ನಡೆದು ಹೋಗಿ ಬಾಗಿಲು ತೆರೆದು ಬಂದಳು. "ಅದು ರಾತ್ರಿಯೊಳಗೆ ವಾಪಸ್ ಬರತ್ತೆ ಮಾರಾಯ್ತಿ, ನನ್ನ ಅಕ್ಕಿ ಮೂಟೆಗೇ ಬಾಯಿ ಹಾಕತ್ತೆ" ಎಂದು ಅಜ್ಜಿ ಗೊಣಗಿದಳು. ಪುಟ್ಟಿ ಖಾಲಿ ಬೋನನ್ನು ಕೆಳಗಿಟ್ಟು ಹೇಳಿದಳು: "ಬರ್ಲಿ ಬಿಡಜ್ಜಿ. ಒಂದು ಹಿಡಿ ಅಕ್ಕಿ ತಾನೆ."